ಅಳೆಯದ ವಿದ್ಯುತ್ತು, ಅಂದಾಜಿನ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ನೆತ್ತಿಯ ಮೇಲೆ ಇಂದು ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಜೋಗಿಮಟ್ಟಿಯ ಸುತ್ತಣ ಬೆಟ್ಟಸಾಲನ್ನು ಕಂಡವರಿಗೆಲ್ಲ ಆ ಬಿಳಿಯ ರೆಕ್ಕೆಗಳ ಪರಿಚಯವುಂಟು. ಅವು ಹುಟ್ಟಿಸುವ ವಿದ್ಯುಚ್ಛಕ್ತಿಯ ಲೆಕ್ಕ ಬಹು ಕಟ್ಟುನಿಟ್ಟಿನದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ೨೦೧೫ರಲ್ಲಿ ರಚಿಸಿದ ನಿಯಮಗಳ ಮೇರೆಗೆ, ದೊಡ್ಡ ಗಾಳಿ ಘಟಕಗಳೂ ಸೌರ ಘಟಕಗಳೂ ನಾಳೆ ಎಷ್ಟು ವಿದ್ಯುತ್ತನ್ನು ಕೊಡಬಲ್ಲೆವೆಂಬುದನ್ನು ಇಂದೇ ಹೇಳಬೇಕು. ಅದೂ ದಿನವನ್ನು ಹದಿನೈದು ನಿಮಿಷಗಳಂತೆ ೯೬ ಭಾಗಗಳಾಗಿ ಒಡೆದು, ಒಂದೊಂದು ಭಾಗಕ್ಕೂ ಬೇರೆಬೇರೆಯಾಗಿ ಹೇಳಬೇಕು. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಅಂತರ ಮಿತಿಮೀರಿದರೆ ದಂಡ ತೆರಬೇಕು. ಗಾಳಿಯಂಥ ಚಂಚಲ ವಸ್ತುವನ್ನೂ ಮನುಷ್ಯನು ಲೆಕ್ಕದ ಕಟ್ಟಿಗೆ ತಂದಿದ್ದಾನೆ.

ಗುಡ್ಡವಿಳಿದು ಬಯಲಿಗೆ ಬಂದರೆ ಚಿತ್ರವೇ ಬೇರೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಂಥ ಸೀಮೆಯಲ್ಲಿ ಅಡಕೆ ತೆಂಗುಗಳ ತೋಟಗಳು ಉಳಿದಿರುವುದು ಕೊಳವೆಬಾವಿಯ ನೀರಿನಿಂದ. ಆ ನೀರನ್ನು ಮೇಲಕ್ಕೆತ್ತುವುದು ವಿದ್ಯುತ್ತು. ಆದರೆ ರಾಜ್ಯದ ಬಹುಪಾಲು ಕೃಷಿ ಪಂಪ್‌ಸೆಟ್ಟುಗಳಂತೆ ಇಲ್ಲಿಯವಕ್ಕೂ ಓದಿ ಬರೆದುಕೊಳ್ಳುವ ಮೀಟರಿಲ್ಲ. ಎಷ್ಟು ಹೊತ್ತು ಕರೆಂಟು ಬಂತು, ಯಾವ ಬಲದಲ್ಲಿ ಬಂತು, ಮೂರು ಫೇಸುಗಳೂ ಸರಿಯಾಗಿದ್ದವೆ, ಮೋಟಾರು ಏಕೆ ಸುಟ್ಟಿತು ಎಂಬುದಕ್ಕೆ ರೈತನ ನೆನಪೇ ದಾಖಲೆ; ಅವನ ನೆನಪನ್ನು ನಂಬುವ ಕಚೇರಿ ಯಾವುದೂ ಇಲ್ಲ. ಬೆಟ್ಟದ ಮೇಲೆ ಹುಟ್ಟುವ ವಿದ್ಯುತ್ತಿಗೆ ದಿನಕ್ಕೆ ೯೬ ಲೆಕ್ಕ. ಬೆಟ್ಟದ ಬುಡದಲ್ಲಿ ಬಳಕೆಯಾಗುವ ವಿದ್ಯುತ್ತಿಗೆ ತಿಂಗಳಿಗೊಂದು ಅಂದಾಜು. ಈ ಎರಡರ ನಡುವಣ ಅಂತರವೇ ನಮ್ಮ ನಾಡಿನ ವಿದ್ಯುತ್ ಸಮಸ್ಯೆಯ ತಿರುಳು ಎಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಇತ್ತೀಚೆಗೆ ದತ್ತಾಂಶ ವಿಶ್ಲೇಷಣೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ರಾಶಿರಾಶಿ ಅಂಕಿಅಂಶಗಳನ್ನು ಗಣಕಯಂತ್ರಕ್ಕೆ ಉಣಿಸಿ, ಅವುಗಳೊಳಗೆ ಅಡಗಿರುವ ಕ್ರಮವನ್ನು ಕಂಡುಹಿಡಿದು, ಮುಂದಾಗುವುದನ್ನು ಊಹಿಸುವ ವಿದ್ಯೆಯಿದು. ವಿದ್ಯುತ್ ವಿತರಣೆಯ ರೋಗಗಳಿಗೆಲ್ಲ ಇದೇ ಮದ್ದೆಂದು ತಜ್ಞರು ಹೇಳುತ್ತಾರೆ. ಮದ್ದಿನ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಳೆಯದೆ ಇರುವುದನ್ನು ವಿಶ್ಲೇಷಿಸುವುದು ಹೇಗೆ? ಅಳೆದದ್ದು ಯಾರ ಕೈಗೆ ಸೇರಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡದೆ ಯಂತ್ರಗಳನ್ನು ಕೊಂಡು ತಂದರೆ, ಹಳೆಯ ಅಂದಾಜಿಗೆ ಹೊಸ ಅಂಗಿ ತೊಡಿಸಿದಂತಾದೀತು.

ಈ ಸ್ಥಿತಿ ಒದಗಿದ್ದು ಹೇಗೆಂಬುದನ್ನು ಮೊದಲು ನೋಡೋಣ. ಮೈಸೂರು ಸಂಸ್ಥಾನದಲ್ಲಿ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಅಂದಿನ ಗಿರಾಕಿಯೆಂದರೆ ಗಣಿ, ಗಿರಣಿ, ನಗರ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಅಳತೆಯಿದ್ದಿತು. ಸ್ವಾತಂತ್ರ್ಯಾನಂತರ ವಿದ್ಯುತ್ತು ಹಳ್ಳಿಯನ್ನು ಹೊಕ್ಕು, ಏತ ಕಪಿಲೆಗಳ ಜಾಗದಲ್ಲಿ ಪಂಪು ಬಂದಿತು. ಪಂಪುಗಳ ಸಂಖ್ಯೆ ಏರಿದಂತೆಲ್ಲ, ಹೊಲಹೊಲಕ್ಕೂ ಹೋಗಿ ಮೀಟರು ಓದಿ ಹಣ ವಸೂಲು ಮಾಡುವ ಖರ್ಚು, ವಸೂಲಾಗುವ ಹಣಕ್ಕೆ ಸಮನಾಗತೊಡಗಿತು. ಆಗ ಅಶ್ವಶಕ್ತಿಗಿಷ್ಟು ಎಂದು ವರ್ಷಕ್ಕೊಮ್ಮೆ ಕಟ್ಟುವ ದರ ಬಂದಿತು. ಮುಂದೆ ೨೦೦೮ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ಹಣವಿಲ್ಲದ ಮೇಲೆ ಮೀಟರೇಕೆ ಎಂಬ ಭಾವನೆ ಎರಡು ಕಡೆಯೂ ಬೇರೂರಿತು.

ಕಾನೂನು ಮಾತ್ರ ಬೇರೆ ಮಾತನ್ನು ಹೇಳುತ್ತದೆ. ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೫೫ನೆಯ ಪ್ರಕರಣದಂತೆ, ಎರಡು ವರ್ಷ ಕಳೆದ ಮೇಲೆ ಸರಿಯಾದ ಮೀಟರಿಲ್ಲದೆ ಯಾರಿಗೂ ವಿದ್ಯುತ್ತನ್ನು ಪೂರೈಸಕೂಡದು. ಆಯೋಗವು ಬೇಕೆನಿಸಿದರೆ ಗಡುವನ್ನು ವಿಸ್ತರಿಸಬಹುದು. ಗಡುವು ವಿಸ್ತರಣೆಯಾಗುತ್ತಲೇ ಎರಡು ದಶಕಗಳು ಸಂದಿವೆ. ಅದೇ ಅಧಿನಿಯಮದ ೬೫ನೆಯ ಪ್ರಕರಣದಂತೆ, ಸರ್ಕಾರವು ಯಾರಿಗಾದರೂ ಅಗ್ಗವಾಗಿಯೋ ಉಚಿತವಾಗಿಯೋ ವಿದ್ಯುತ್ತು ಕೊಡಿಸಬೇಕೆಂದರೆ ಅದರ ಬೆಲೆಯನ್ನು ವಿತರಣಾ ಕಂಪೆನಿಗೆ ಮುಂಗಡವಾಗಿ ತೆರಬೇಕು. ಆದುದರಿಂದ ಉಚಿತ ವಿದ್ಯುತ್ತು ನಿಜವಾಗಿ ಉಚಿತವಲ್ಲ. ಅದರ ಬೆಲೆ ಬೊಕ್ಕಸದಿಂದ ಸಂದಾಯವಾಗುತ್ತದೆ. ರಾಜ್ಯದಲ್ಲಿ ಇಂದು ಮೂವತ್ತು ಲಕ್ಷಕ್ಕೂ ಮೀರಿದ ಕೃಷಿ ಪಂಪ್‌ಸೆಟ್ಟುಗಳಿವೆ. ಮಾರಾಟವಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅವುಗಳ ಹೆಸರಿನಲ್ಲಿದೆ. ಇಷ್ಟು ದೊಡ್ಡ ಪಾಲನ್ನು ಅಳೆಯದೆ ಬೆಲೆ ಕಟ್ಟುವುದೆಂತು?

ಇಲ್ಲಿಯೇ ಅಂದಾಜು ಪ್ರವೇಶಿಸುತ್ತದೆ. ಉಪಕೇಂದ್ರದಿಂದ ಹೊರಡುವ ಹನ್ನೊಂದು ಸಾವಿರ ವೋಲ್ಟಿನ ಮಾರ್ಗಕ್ಕೆ ಫೀಡರ್ ಎಂದು ಹೆಸರು. ಅದರ ಬಾಯಿಯಲ್ಲಿ ಮೀಟರಿರುತ್ತದೆ. ಅಲ್ಲಿಂದ ಹೊರಟ ಯೂನಿಟ್ಟುಗಳಲ್ಲಿ ತಂತಿಯಲ್ಲಿಯೂ ಟ್ರಾನ್ಸ್‌ಫಾರ್ಮರಿನಲ್ಲಿಯೂ ಸೋರಿಹೋದದ್ದನ್ನು ಕಳೆದು, ಉಳಿದದ್ದನ್ನು ಪಂಪುಗಳ ಸಂಖ್ಯೆಯಿಂದ ಭಾಗಿಸಿ, ಒಂದೊಂದು ಪಂಪು ಇಷ್ಟಿಷ್ಟು ಬಳಸಿತೆಂದು ಬರೆಯುತ್ತಾರೆ. ಕೇಳಲು ಸರಳವಾದ ಈ ಲೆಕ್ಕದ ಒಳಗನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಒಂದು ಮಾರ್ಗದಲ್ಲಿ ತಿಂಗಳಿಗೆ ೧,೦೦,೦೦೦ ಯೂನಿಟ್ಟು ಹರಿಯಿತೆನ್ನೋಣ. ಸೋರಿಕೆ ನೂರಕ್ಕೆ ಹತ್ತು ಎಂದು ಬರೆದರೆ ೯೦,೦೦೦ ಯೂನಿಟ್ಟು ರೈತರ ಲೆಕ್ಕಕ್ಕೆ ಬೀಳುತ್ತದೆ. ಸೋರಿಕೆ ನೂರಕ್ಕೆ ಇಪ್ಪತ್ತು ಎಂದು ಬರೆದರೆ ೮೦,೦೦೦ ಮಾತ್ರ. ನಡುವಣ ೧೦,೦೦೦ ಯೂನಿಟ್ಟು ಹಳೆಯ ತಂತಿಯ ದೋಷವೆ, ಕಳವೆ, ರೈತನ ಬಳಕೆಯೆ? ಹೊಲದ ಕಡೆಯಲ್ಲಿ ಅಳತೆಯಿಲ್ಲದ ಕಾರಣ ಯಾರೂ ಪ್ರಮಾಣ ಮಾಡಿ ಹೇಳಲಾರರು. ಪಂಪುಗಳ ಸಂಖ್ಯೆಯೂ ಹೀಗೆಯೇ. ಪುಸ್ತಕದಲ್ಲಿ ೨೦೦ ಎಂದಿದ್ದು, ಬಾವಿಗಳು ಬತ್ತಿ ೧೬೦ ಮಾತ್ರ ಓಡುತ್ತಿದ್ದರೆ, ಅಥವಾ ಅಕ್ರಮ-ಸಕ್ರಮದ ಸರದಿಗೆ ಕಾಯುತ್ತಿರುವ ನಲವತ್ತು ಪಂಪುಗಳು ಪುಸ್ತಕದ ಹೊರಗಿದ್ದರೆ, ಭಾಗಿಸಿ ಬಂದ ಸರಾಸರಿಗೆ ಅರ್ಥವೇನು ಉಳಿಯಿತು?

ಈ ಅಂದಾಜಿನಲ್ಲಿ ಒಂದು ಅಪಾಯಕರವಾದ ಅನುಕೂಲವೂ ಉಂಟು. ಸೋರಿದ್ದನ್ನು ಸೋರಿತೆಂದು ಬರೆದರೆ ಕಂಪೆನಿಗೆ ಅಪಕೀರ್ತಿ; ಅದನ್ನೇ ರೈತನು ಬಳಸಿದನೆಂದು ಬರೆದರೆ ಸರ್ಕಾರದಿಂದ ಬೆಲೆ ದೊರೆಯುತ್ತದೆ. ಹೀಗೆ ಬರೆಯುವ ಆಸೆಗೆ ಭಾರತದ ಯಾವ ರಾಜ್ಯವೂ ಹೊರತಲ್ಲ. ನಮ್ಮ ನಿಯಂತ್ರಣ ಆಯೋಗವು ಕೃಷಿಯ ಬಳಕೆಯನ್ನು ಪ್ರತ್ಯೇಕಿಸಿದ ಫೀಡರುಗಳ ಮೀಟರಿನಿಂದಲೇ ಲೆಕ್ಕಹಾಕಬೇಕೆಂದೂ, ಪಂಪ್‌ಸೆಟ್ಟುಗಳ ಸ್ಥಾನವನ್ನು ಸ್ಥಳದಲ್ಲೇ ಗುರುತಿಸಿ ಎಣಿಸಬೇಕೆಂದೂ ತನ್ನ ಆದೇಶಗಳಲ್ಲಿ ಮತ್ತೆ ಮತ್ತೆ ಒತ್ತಿ ಹೇಳಿರುವುದಕ್ಕೆ ಇದೇ ಕಾರಣ. ಮನೆಗಳ ಮಾರ್ಗವನ್ನೂ ಪಂಪುಗಳ ಮಾರ್ಗವನ್ನೂ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಈ ನಿಟ್ಟಿನಲ್ಲಿ ದೊಡ್ಡ ಹೆಜ್ಜೆ. ಗುಜರಾತ ರಾಜ್ಯವು ೨೦೦೩ರಲ್ಲಿ ಆರಂಭಿಸಿದ ಜ್ಯೋತಿಗ್ರಾಮ ಯೋಜನೆ ಇಂಥ ಬೇರ್ಪಡೆಗೆ ದಾರಿ ತೋರಿಸಿತ್ತು. ಇದರಿಂದ ಹಳ್ಳಿಯ ಮನೆಗೆ ದಿನವಿಡೀ ಬೆಳಕು, ಪಂಪಿಗೆ ಗೊತ್ತಾದ ಗಂಟೆಗಳಷ್ಟು ಮೂರು ಫೇಸಿನ ವಿದ್ಯುತ್ತು ಎಂಬ ವ್ಯವಸ್ಥೆ ಸಾಧ್ಯವಾಯಿತು. ಆದರೂ ಅಳತೆ ಫೀಡರಿನ ಬಾಯಿಗೆ ಬಂದು ನಿಂತಿತು. ಹೊಲದ ಕಡೆಗೆ ಇಳಿಯಲಿಲ್ಲ.

ಅಳತೆ ಇಳಿಯದಿದ್ದರೆ ರೈತನಿಗೇನು ನಷ್ಟ, ಅವನಿಗೆ ವಿದ್ಯುತ್ತು ಹೇಗೂ ಉಚಿತವಷ್ಟೆ ಎಂದು ಪಟ್ಟಣದ ವಾಚಕರು ಕೇಳಬಹುದು. ನಷ್ಟವೆಲ್ಲ ಅವನದೇ. ಒಂದು ೬೩ ಕೆ.ವಿ.ಎ. ಟ್ರಾನ್ಸ್‌ಫಾರ್ಮರು, ಹಳ್ಳಿಯವರ ಬಾಯಲ್ಲಿ ಟಿ.ಸಿ., ಐದು ಅಶ್ವಶಕ್ತಿಯ ಹನ್ನೆರಡು ಪಂಪುಗಳನ್ನು ಹೇಗೋ ಹೊತ್ತೀತು. ಅದರ ಮೇಲೆ ಇಪ್ಪತ್ತು ಪಂಪುಗಳು ಬಿದ್ದರೆ ವೋಲ್ಟೇಜು ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಅದೇ ನೀರನ್ನೆತ್ತಲು ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಹೆಚ್ಚು ಎಳೆದಂತೆ ತಂತಿಯಲ್ಲಿ ನಷ್ಟ ಇಮ್ಮಡಿಗೆ ನಾಲ್ಮಡಿಯಾಗಿ ಬೆಳೆಯುತ್ತದೆ. ನಷ್ಟ ಬೆಳೆದಂತೆ ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ. ಕಡೆಗೆ ಮೋಟಾರಿನ ಸುರುಳಿ ಸುಡುತ್ತದೆ, ಇಲ್ಲವೆ ಟಿ.ಸಿ.ಯೇ ಸುಡುತ್ತದೆ. ಕರೆಂಟು ಯಾವ ಹೊತ್ತಿಗೆ ಬರುವುದೋ ತಿಳಿಯದೆ ರೈತರು ಆಟೋ ಸ್ಟಾರ್ಟರುಗಳನ್ನು ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದ ಕ್ಷಣವೇ ಅಷ್ಟೂ ಪಂಪುಗಳು ಒಟ್ಟಿಗೆ ಹೊರಡುತ್ತವೆ. ಹೊರಡುವಾಗ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟನ್ನು ಎಳೆಯುವುದರಿಂದ ಬಂದ ಕರೆಂಟು ಬಂದಂತೆಯೇ ಹೋಗುತ್ತದೆ. ಮನುಷ್ಯನ ಅವಿಶ್ವಾಸವೇ ಯಂತ್ರದ ರೂಪ ತಾಳಿ ಟಿ.ಸಿ.ಯನ್ನು ಸುಡುತ್ತದೆಯೆಂದರೂ ಸಲ್ಲುತ್ತದೆ.

ಸುಟ್ಟ ಟಿ.ಸಿ.ಯನ್ನು ಹಳ್ಳಿಗಳಲ್ಲಿ ೭೨ ಗಂಟೆಗಳೊಳಗೆ ಬದಲಾಯಿಸಬೇಕೆಂಬ ಸೇವಾ ಮಾನದಂಡವಿದೆ. ಗಂಟೆಯ ಎಣಿಕೆ ಯಾವಾಗಿನಿಂದ? ಸುಟ್ಟ ಹೊತ್ತಿನಿಂದಲೆ, ದೂರು ದಾಖಲಾದ ಹೊತ್ತಿನಿಂದಲೆ? ಯಂತ್ರವೇ ತನ್ನ ಮರಣದ ಹೊತ್ತನ್ನು ತಿಳಿಸುವಂತಿದ್ದರೆ ಈ ವಿವಾದಕ್ಕೆ ಅವಕಾಶವಿರದು. ಬೇಸಿಗೆಯಲ್ಲಿ ಅಡಕೆಯ ತೋಟಕ್ಕೆ ಹದಿನೈದು ದಿನ ನೀರು ತಪ್ಪಿದರೆ ಆ ವರ್ಷದ ಫಸಲು ಸೊರಗುತ್ತದೆ. ಒಣಗಿದ ಮರವನ್ನು ಮತ್ತೆ ಫಲಕ್ಕೆ ತರಲು ಸಸಿಯಿಂದಲೇ ಆರಂಭಿಸಬೇಕು. ಹೊಳಲ್ಕೆರೆಯೂ ಸೇರಿದಂತೆ ಈ ಜಿಲ್ಲೆಯ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಲಿಯ ವರದಿಗಳು ನೆಲದ ನೀರನ್ನು ಮಿತಿಮೀರಿ ಎತ್ತುವ ಸೀಮೆಗಳ ಸಾಲಿಗೆ ಸೇರಿಸುತ್ತ ಬಂದಿವೆ. ಬರ ಬಂದ ೨೦೨೩ರ ಅಕ್ಟೋಬರಿನಲ್ಲಿ ಪಂಪುಗಳಿಗೆ ಕೊಡುವ ವಿದ್ಯುತ್ತನ್ನು ದಿನಕ್ಕೆ ಏಳು ಗಂಟೆಗಳಿಂದ ಐದಕ್ಕೆ ಇಳಿಸಬೇಕಾಗಿ ಬಂದು, ಮುಂದಿನ ತಿಂಗಳು ಮತ್ತೆ ಏಳಕ್ಕೆ ಏರಿಸಲಾಯಿತು. ಆ ಎರಡು ಗಂಟೆಗಳ ಬೆಲೆ ತೋಟವುಳ್ಳವನಿಗೆ ಮಾತ್ರ ಗೊತ್ತು. ಘೋಷಿಸಿದ ಐದು ಗಂಟೆಗಳಾದರೂ ಅವನ ಹೊಲದ ಕಂಬಕ್ಕೆ ತಲಪಿದವೆ ಎಂಬುದಕ್ಕೆ ದಾಖಲೆ ಎಲ್ಲಿದೆ?

ಇನ್ನು ಹೊಸ ವಿದ್ಯೆಯಿಂದ ಏನಾದೀತೆಂದು ವಿಚಾರಿಸೋಣ. ಪ್ರತಿಯೊಂದು ಟಿ.ಸಿ.ಗೂ ಒಂದು ಮೀಟರನ್ನಿಟ್ಟು, ಅದು ಹದಿನೈದು ನಿಮಿಷಕ್ಕೊಮ್ಮೆ ವೋಲ್ಟೇಜು, ಮೂರು ಫೇಸುಗಳ ಕರೆಂಟು, ಎಣ್ಣೆಯ ಉಷ್ಣತೆ ಇವಿಷ್ಟನ್ನು ತಾನಾಗಿಯೇ ಕಳುಹಿಸುವಂತೆ ಮಾಡಿದರೆ ನಾಲ್ಕು ಕೆಲಸಗಳು ಆಗುತ್ತವೆ. ಮೊದಲನೆಯದಾಗಿ, ಯಾವ ಟಿ.ಸಿ. ತನ್ನ ಶಕ್ತಿಗೆ ಮೀರಿ ದುಡಿಯುತ್ತಿದೆ, ಯಾವುದರಲ್ಲಿ ಒಂದು ಫೇಸಿನ ಮೇಲೆ ಮಾತ್ರ ಭಾರ ಬಿದ್ದಿದೆ ಎಂಬುದು ಅದು ಸುಡುವ ಮುನ್ನವೇ ತಿಳಿಯುತ್ತದೆ; ಸುಟ್ಟಮೇಲೆ ಲಾರಿ ಕಳುಹಿಸುವ ಬದಲು ಸುಡದಂತೆ ಲೈನ್‌ಮನ್ನನನ್ನು ಕಳುಹಿಸಬಹುದು. ಎರಡನೆಯದಾಗಿ, ಫೀಡರಿನ ಬಾಯಿಯ ಅಳತೆಗೂ ಟಿ.ಸಿ.ಗಳ ಮೊತ್ತಕ್ಕೂ ಇರುವ ಅಂತರದಿಂದ ತಂತಿಯ ಸೋರಿಕೆ ಯಾವುದು, ರೈತನ ಬಳಕೆ ಯಾವುದು ಎಂಬುದು ಬೇರ್ಪಡುತ್ತದೆ. ಮೂರನೆಯದಾಗಿ, ಯಾವ ಮಾರ್ಗಕ್ಕೆ ಯಾವ ಹೊತ್ತು ಕೊಟ್ಟರೆ ಭಾರ ಸಮನಾಗಿ ಹಂಚಿಹೋಗುತ್ತದೆ ಎಂಬುದನ್ನು ಲೆಕ್ಕಹಾಕಿ ಸರದಿಯನ್ನು ಗೊತ್ತುಮಾಡಬಹುದು. ನೆರೆಯ ಪಾವಗಡದಲ್ಲಿ ೨೦೧೮ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನದ ಸಾಮರ್ಥ್ಯ ೨,೦೫೦ ಮೆಗಾವಾಟ್. ಬಿಸಿಲು ಹೆಚ್ಚಿದ ಹಗಲಿನಲ್ಲಿ ಹುಟ್ಟುವ ಇಂಥ ವಿದ್ಯುತ್ತನ್ನು ಹಗಲಿನಲ್ಲೇ ಪಂಪುಗಳಿಗೆ ಹರಿಸಿದರೆ, ರೈತನು ನಡುರಾತ್ರಿ ಹಾವು ಚೇಳುಗಳ ನಡುವೆ ಸ್ಟಾರ್ಟರಿನ ಪೆಟ್ಟಿಗೆಗೆ ನಡೆಯಬೇಕಾದ ಅವಸ್ಥೆ ತಪ್ಪುತ್ತದೆ. ನಾಲ್ಕನೆಯದಾಗಿ, ಕೊಡುತ್ತೇವೆಂದ ಗಂಟೆಗಳನ್ನು ಕೊಟ್ಟರೆ ಇಲ್ಲವೆ ಎಂಬುದಕ್ಕೆ ಇಬ್ಬರೂ ಒಪ್ಪಬೇಕಾದ ಸಾಕ್ಷಿ ದೊರೆಯುತ್ತದೆ.

ಇದಾವುದೂ ಆಕಾಶಕುಸುಮವಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬ್ರಯನ್ ಮಿನ್ ಎಂಬ ವಿದ್ವಾಂಸರು ವಿಶ್ವಬ್ಯಾಂಕಿನ ಸಹಯೋಗದಲ್ಲಿ, ೧೯೯೩ರಿಂದ ೨೦೧೩ರವರೆಗೆ ಉಪಗ್ರಹಗಳು ತೆಗೆದ ರಾತ್ರಿಯ ಚಿತ್ರಗಳಿಂದ ಭಾರತದ ಸುಮಾರು ಆರು ಲಕ್ಷ ಹಳ್ಳಿಗಳ ಬೆಳಕನ್ನು ಅಳೆದು ತೋರಿಸಿದರು. ಕಡತದಲ್ಲಿ ವಿದ್ಯುದೀಕರಣವಾದ ಊರು ರಾತ್ರಿಯಲ್ಲಿ ನಿಜಕ್ಕೂ ಬೆಳಗುತ್ತದೆಯೆ ಎಂದು ಆಕಾಶದಿಂದ ಪರೀಕ್ಷಿಸುವ ದಾರಿ ಹೀಗೆ ತೆರೆಯಿತು. ಪುಣೆಯ ಪ್ರಯಾಸ್ ಸಂಸ್ಥೆಯು ಹಲವು ರಾಜ್ಯಗಳ ಮನೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಯಂತ್ರಗಳನ್ನಿಟ್ಟು, ನಿಮಿಷ ನಿಮಿಷದ ವೋಲ್ಟೇಜನ್ನು ದಾಖಲಿಸಿ ಸಾರ್ವಜನಿಕರ ಮುಂದಿಟ್ಟಿತು. ಆಫ್ರಿಕಾ ಖಂಡದ ಘಾನಾ ದೇಶದ ರಾಜಧಾನಿ ಆಕ್ರಾದಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ೨೦೧೮ರಿಂದ ಇದೇ ಬಗೆಯ ಯಂತ್ರಗಳನ್ನು ಮನೆಗಳಲ್ಲಿಟ್ಟು, ಕರೆಂಟು ಎಲ್ಲಿ ಹೋಯಿತು, ಎಷ್ಟು ಹೊತ್ತು ಹೋಯಿತು ಎಂಬುದನ್ನು ಕಂಪೆನಿಯ ಮಾತಿಗೆ ಕಾಯದೆ ತಿಳಿದರು. ಈ ಮೂರರಲ್ಲಿಯೂ ಒಂದು ಸಮಾನ ಗುಣವಿದೆ: ಅಳತೆಗೋಲು ಮಾರುವವನ ಕೈಯಲ್ಲಿ ಮಾತ್ರ ಇರಲಿಲ್ಲ. ಆದರೆ ಉಪಗ್ರಹಕ್ಕೆ ಬೀದಿದೀಪ ಕಂಡೀತು. ಹೊಲದಲ್ಲಿ ನರಳುವ ಮೋಟಾರು ಕಾಣದು. ಮನೆಯ ಪ್ಲಗ್ಗಿನ ಯಂತ್ರಕ್ಕೆ ಮನೆಯ ಮಾರ್ಗ ತಿಳಿದೀತು; ಪಂಪಿನ ಮಾರ್ಗ ತಿಳಿಯದು. ಕೃಷಿಯ ಅಳತೆಗೆ ನಾವೇ ದಾರಿ ಮಾಡಿಕೊಳ್ಳಬೇಕು.

ಆ ದಾರಿಯ ಮಾದರಿಯೂ ನಮ್ಮ ನಾಡಿನಲ್ಲೇ ಇದೆ. ೧೯೮೮ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಘಟಕವೊಂದು ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಅದು ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿ ವರದಿ ಕಳುಹಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನು ಸ್ಥಾಪಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಸುದ್ದಿ ಬೆಂಗಳೂರನ್ನು ತಲಪುತ್ತದೆ. ರೈತನು ವರುಣ ಮಿತ್ರ ಸಹಾಯವಾಣಿಗೆ ದೂರವಾಣಿ ಮಾಡಿ ತನ್ನ ಊರಿನ ಮಳೆಯ ಮುನ್ಸೂಚನೆಯನ್ನು ಕೇಳಬಹುದು. ಮಳೆ ತಪ್ಪಿದ ಊರಿಗೆ ಬೆಳೆವಿಮೆಯ ಪರಿಹಾರವನ್ನು ಗೊತ್ತುಮಾಡುವಾಗಲೂ ಈ ಅಂಕಿಗಳು ಸಾಕ್ಷಿ ನುಡಿಯುತ್ತವೆ. ಹಿಂದೆ ಕಣ್ಣಂದಾಜಿನ ಆಣೆವಾರಿಯಿಂದ ಫಸಲನ್ನು ನಿರ್ಣಯಿಸುತ್ತಿದ್ದಾಗ ಎದ್ದ ಜಗಳಗಳನ್ನು ಹಿರಿಯರು ಬಲ್ಲರು. ಆಕಾಶದಿಂದ ಬೀಳುವ ನೀರನ್ನು ಪಂಚಾಯಿತಿಗೊಂದು ಅಳತೆಗೆ ತರಬಲ್ಲ ಸರ್ಕಾರಕ್ಕೆ, ತಾನೇ ಹಣ ತೆತ್ತು ಕಳುಹಿಸುವ ವಿದ್ಯುತ್ತನ್ನು ಅಳೆಯುವುದು ಅಸಾಧ್ಯವಾದೀತೆ?

ಅಸಾಧ್ಯವಲ್ಲ; ಆದರೆ ಕಷ್ಟ. ಕಷ್ಟ ಯಂತ್ರದ್ದಲ್ಲ, ನಂಬಿಕೆಯದು. ಮೀಟರು ಬಂದರೆ ಹಿಂದೆಯೇ ಬಿಲ್ಲು ಬರುತ್ತದೆಂಬುದು ರೈತನ ಭಯ. ೧೯೮೦ರ ದಶಕದ ರೈತ ಚಳವಳಿಯನ್ನು ಕಂಡ ನಾಡಿನಲ್ಲಿ ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಪಂಪ್‌ಸೆಟ್ಟಿನ ಸಂಖ್ಯೆಗೆ ಆಧಾರ್ ಸಂಖ್ಯೆಯನ್ನು ಜೋಡಿಸಬೇಕೆಂಬ ೨೦೨೪ರ ಕ್ರಮವನ್ನು ರೈತರು ವಿರೋಧಿಸಿದ್ದು ಈ ಕಾರಣದಿಂದಲೇ. ಯಾರ ಜಮೀನಿನಲ್ಲಿ ಎಷ್ಟು ಬಾವಿ, ಎಷ್ಟು ಬಳಕೆ ಎಂಬುದನ್ನು ತಿಳಿದ ಕೈ, ನಾಳೆ ಉಚಿತ ವಿದ್ಯುತ್ತಿಗೆ ಕತ್ತರಿ ಹಾಕಲಾರದೆಂದು ಯಾರು ಭರವಸೆ ಕೊಟ್ಟಿದ್ದಾರೆ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ಅಡಕೆ ಬೆಳೆಯುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ನಂಬಿಕೆಯ ವಿಷಯದಲ್ಲಿ ಆಡಳಿತವೂ ಆ ಗಾದೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅಂಕಿಗಳನ್ನು ಕಣ್ಣುಮುಚ್ಚಿ ನಂಬುವುದರ ಅಪಾಯಕ್ಕೆ ಇನ್ನೊಂದು ನಿದರ್ಶನ ಈಚಿನ ಗೃಹಜ್ಯೋತಿ ಯೋಜನೆಯಲ್ಲಿಯೇ ಇದೆ. ೨೦೨೩ರ ಆಗಸ್ಟಿನಿಂದ ಫಲ ಕೊಡತೊಡಗಿದ ಈ ಯೋಜನೆಯಲ್ಲಿ ಪ್ರತಿ ಮನೆಗೆ ದೊರೆಯುವ ಉಚಿತ ವಿದ್ಯುತ್ತಿಗೆ ೨೦೦ ಯೂನಿಟ್ಟುಗಳ ಮೇಲ್ಮಿತಿಯಿದ್ದರೂ, ಆಯಾ ಮನೆಯ ಪಾಲನ್ನು ೨೦೨೨-೨೩ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಕೂಡಿಸಿ ಗೊತ್ತುಮಾಡಲಾಯಿತು. ಲೆಕ್ಕದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಸೂತ್ರ. ಆದರೆ ಆ ವರ್ಷ ತಿಂಗಳಿಗೆ ೧೫೦ ಯೂನಿಟ್ಟು ಉರಿಸಿದ ಮನೆಗೆ ೧೬೫ ದೊರೆತರೆ, ೩೦ ಉರಿಸಿದ ಮನೆಗೆ ೩೩ ಮಾತ್ರ ದೊರೆಯುತ್ತದೆ. ಬಡತನದಿಂದಲೋ ಕರೆಂಟು ಸರಿಯಾಗಿ ಬಾರದೆಯೋ ಕಡಿಮೆ ಬಳಸಿದವನ ಹಳೆಯ ಕತ್ತಲೆಯೇ ಅವನ ಹೊಸ ಹಕ್ಕಿನ ಅಳತೆಯಾಯಿತು. ೨೦೨೪ರ ಜನವರಿಯಲ್ಲಿ ಸರ್ಕಾರವು ಕಡಿಮೆ ಬಳಸುವವರಿಗೆ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಕೂಡಿಸಿ ಕೊಡಲು ತೀರ್ಮಾನಿಸಿದ್ದು ಸ್ವಾಗತಾರ್ಹ. ಸೂತ್ರದ ಈ ಸ್ವಭಾವವನ್ನು ಮಾತ್ರ ಮರೆಯಲಾಗದು: ಹಿಂದಿನ ಅಂಕಿಗಳಿಂದ ಮುಂದಿನದನ್ನು ಗೊತ್ತುಮಾಡುವ ಯಂತ್ರಕ್ಕೆ, ಇರುವುದೂ ಇರಬೇಕಾದುದೂ ಒಂದೇ. ಕರೆಂಟಿಲ್ಲದೆ ಪಂಪು ಓಡದ ಊರನ್ನು, ಅಲ್ಲಿ ಬೇಡಿಕೆಯೇ ಇಲ್ಲವೆಂದು ಅದು ಬಗೆದೀತು. ಬೇಡಿಕೆಯಿಲ್ಲದ ಊರಿಗೆ ಇನ್ನೂ ಕಡಿಮೆ ಕೊಡಿರೆಂದು ಸಲಹೆ ಮಾಡೀತು.

ಸರಾಸರಿಯ ಮಾತೂ ಹೀಗೆಯೇ. ವರ್ಷಕ್ಕೆ ಒಬ್ಬ ಬಳಕೆದಾರನಿಗೆ ಎಷ್ಟು ಬಾರಿ, ಎಷ್ಟು ಹೊತ್ತು ಕರೆಂಟು ಹೋಯಿತೆಂದು ಕಂಪೆನಿಗಳು ಲೆಕ್ಕ ಕೊಡುತ್ತವೆ. ಮೊಣಕಾಲುದ್ದದ ಹೊಳೆಯೆಂದು ಸರಾಸರಿ ಹೇಳಿದರೂ ನಡುಮಡುವಿನಲ್ಲಿ ಮುಳುಗಿದವರುಂಟು. ಬೆಂಗಳೂರು ವಿದ್ಯುತ್ ಸರಬರಾಜು ಕಂಪೆನಿಯ ಆಡಳಿತಕ್ಕೆ ರಾಜಧಾನಿಯೂ ಸೇರಿದೆ, ತಾಳ್ಯವೂ ಸೇರಿದೆ. ರಾಜಧಾನಿಯ ಲಕ್ಷಾಂತರ ಮನೆಗಳ ಅಂಕಿಯೊಡನೆ ಮಾರ್ಗದ ಕಟ್ಟಕಡೆಯ ಹಳ್ಳಿಯ ಅಂಕಿಯನ್ನು ಬೆರೆಸಿದರೆ ಹಳ್ಳಿಯ ಕಷ್ಟ ನೀರಿನಲ್ಲಿ ಉಪ್ಪಿನಂತೆ ಕರಗಿಹೋಗುತ್ತದೆ. ಫೀಡರಿನ ಕೊನೆಯ ಕಂಬದ ಅಂಕಿಯನ್ನು ಬೇರೆಯಾಗಿಯೇ ತೋರಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಪ್ರತಿಯೊಂದು ಪಂಪಿಗೂ ಮೀಟರಿಡುವ ಹಟವನ್ನು ಸದ್ಯಕ್ಕೆ ಬಿಟ್ಟು, ಪ್ರತಿಯೊಂದು ಟಿ.ಸಿ.ಗೂ ಇಡುವುದು ಮಧ್ಯಮ ಮಾರ್ಗ. ಹತ್ತಿಪ್ಪತ್ತು ರೈತರ ಒಟ್ಟು ಬಳಕೆ ತಿಳಿಯುತ್ತದೆ. ಒಬ್ಬೊಬ್ಬನ ಮೇಲೆ ಕಣ್ಣಿಟ್ಟಂತಾಗುವುದಿಲ್ಲ. ಆ ಅಳತೆಯನ್ನು ಬಿಲ್ಲಿಗೆ ಬಳಸುವುದಿಲ್ಲವೆಂದು ಸರ್ಕಾರವು ಬಾಯಿಮಾತಿನಲ್ಲಲ್ಲ, ಆಯೋಗದ ಆದೇಶದ ಮೂಲಕ ಕಟ್ಟುಪಾಡಾಗಿ ಹೇಳಬೇಕು. ಮುಖ್ಯವಾಗಿ, ಅಳೆದ ಅಂಕಿ ಮೊದಲು ಹಳ್ಳಿಗೆ ತಿಳಿಯಬೇಕು. ನಮ್ಮ ಊರಿನ ಯಾವ ಟಿ.ಸಿ.ಗೆ ಈ ವಾರ ಎಷ್ಟು ಗಂಟೆ ಕರೆಂಟು ಬಂತು, ಅದರಲ್ಲಿ ಸರಿಯಾದ ವೋಲ್ಟೇಜು ಎಷ್ಟು ಗಂಟೆ ಇತ್ತು, ಭಾರ ಎಷ್ಟಿತ್ತು ಎಂಬ ಮೂರು ಸಂಖ್ಯೆಗಳನ್ನು ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು. ಮಳೆಯ ಸುದ್ದಿಯಂತೆ ದೂರವಾಣಿಯಲ್ಲಿಯೂ ಕೇಳಿದವರಿಗೆ ಹೇಳಬೇಕು. ಹೇಳಿದ ಗಂಟೆಗಳು ಬಾರದಿದ್ದರೆ, ವೋಲ್ಟೇಜು ನಿಯಮದ ಮಿತಿಗಿಂತ ಕುಸಿದು ಮೋಟಾರು ಸುಟ್ಟರೆ, ಆ ಅಂಕಿಯೇ ಪರಿಹಾರಕ್ಕೆ ಆಧಾರವಾಗಬೇಕು. ಗಾಳಿಯಂತ್ರದವನು ಹೇಳಿದ್ದನ್ನು ಕೊಡದಿದ್ದರೆ ದಂಡವಿದೆಯಷ್ಟೆ. ಆ ನ್ಯಾಯ ಹೊಲದ ಕಂಬಕ್ಕೂ ಅನ್ವಯಿಸಬೇಡವೆ?

ಇದು ಒಮ್ಮುಖದ ಬೇಡಿಕೆಯಲ್ಲ. ಅಂಕಿ ಬಯಲಾದರೆ ರೈತನ ಹೊಣೆಯೂ ಬಯಲಾಗುತ್ತದೆ. ಹನ್ನೆರಡು ಪಂಪುಗಳ ಟಿ.ಸಿ.ಗೆ ಇಪ್ಪತ್ತನ್ನು ಜೋಡಿಸಿದವರು ಯಾರೆಂದು ಕಂಪೆನಿಯ ಅಧಿಕಾರಿ ಬಂದು ಹುಡುಕಬೇಕಾಗಿಲ್ಲ, ಆ ಟಿ.ಸಿ.ಯ ಕೆಳಗಿನ ರೈತರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಆಟೋ ಸ್ಟಾರ್ಟರನ್ನು ಬಿಚ್ಚಿ, ಸರದಿಯ ಮೇಲೆ ಪಂಪು ಹೊರಡಿಸುವ ಒಪ್ಪಂದ ಊರೊಳಗೇ ಹುಟ್ಟಬಹುದು. ಕರೆಂಟು ಬರುವ ಹೊತ್ತು ನಿಶ್ಚಿತವಾದ ದಿನ ಆಟೋ ಸ್ಟಾರ್ಟರಿನ ಅಗತ್ಯವೂ ತಾನಾಗಿ ಕಡಮೆಯಾಗುತ್ತದೆ. ಎತ್ತಿದ ನೀರಿನ ಲೆಕ್ಕವೂ ಅದರ ಹಿಂದೆಯೇ ಬರುತ್ತದೆ. ಒಂದು ಟಿ.ಸಿ. ವರ್ಷದಿಂದ ವರ್ಷಕ್ಕೆ ಹೆಚ್ಚು ಯೂನಿಟ್ಟು ತಿಂದು ಅಷ್ಟೇ ತೋಟಕ್ಕೆ ನೀರುಣಿಸುತ್ತಿದ್ದರೆ, ಬಾವಿಯ ನೀರು ಆಳಕ್ಕೆ ಇಳಿಯುತ್ತಿದೆಯೆಂದೇ ಅರ್ಥ. ಕೊಳವೆಬಾವಿ ಬತ್ತಿದ ದಿನ ತಿಳಿಯುವುದಕ್ಕಿಂತ ಮೂರು ವರ್ಷ ಮೊದಲೇ ತಿಳಿದರೆ, ತೋಟವುಳ್ಳವನು ಹನಿ ನೀರಾವರಿಗೋ ಬೇರೆ ಬೆಳೆಗೋ ಸಿದ್ಧನಾಗಬಲ್ಲನು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ರಾಶಿಯನ್ನು ಕಣದಲ್ಲಿಯೇ ಅಳೆಯುತ್ತಿದ್ದರು. ಒಡೆಯನೂ ಒಕ್ಕಲಿಗನೂ ಆಯಗಾರರೂ ಸುತ್ತ ನಿಂತು ನೋಡುತ್ತಿದ್ದಂತೆ ಕೊಳಗ ತುಂಬುತ್ತಿತ್ತು, ಎಣಿಕೆ ಗಟ್ಟಿಯಾಗಿ ಕೇಳಿಬರುತ್ತಿತ್ತು. ಆ ವ್ಯವಸ್ಥೆಯಲ್ಲಿ ಅನ್ಯಾಯಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅಳತೆ ಎಲ್ಲರ ಕಣ್ಣಮುಂದೆ ಆಗಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಇಂದಿನ ಗಣಕಯಂತ್ರ ಆ ಕೊಳಗಕ್ಕಿಂತ ಸಾವಿರ ಪಾಲು ಸೂಕ್ಷ್ಮವಾದುದು. ಅದನ್ನು ಬೆಂಗಳೂರಿನ ಕಚೇರಿಯ ಬಾಗಿಲ ಹಿಂದೆ ಇಟ್ಟುಕೊಂಡರೆ ಇನ್ನೊಂದು ವಸೂಲಿಯ ಸಾಧನವಾದೀತು. ತಾಳ್ಯದಂಥ ಊರಿನ ಪಂಚಾಯಿತಿಯ ಹಲಗೆಗೆ ತಂದರೆ ವಿದ್ಯುತ್ತು ಕೊಡುವವನಿಗೂ ಪಡೆಯುವವನಿಗೂ ನಡುವೆ ಒಂದು ಕರಾರಾದೀತು. ರೈತನು ಕೇಳುತ್ತಿರುವುದು ಹೆಚ್ಚು ಗಂಟೆಗಳನ್ನಲ್ಲ. ಬರುವ ಗಂಟೆ ಯಾವುದೆಂಬುದು ಮೊದಲೇ ತಿಳಿಯಬೇಕು, ತಿಳಿಸಿದ ಗಂಟೆ ತಪ್ಪದೆ ಬರಬೇಕು, ತಪ್ಪಿದರೆ ತಪ್ಪಿತೆಂದು ಯಾರಾದರೂ ಬರೆದಿಡಬೇಕು. ಈ ಮೂರನ್ನು ಕೊಡುವಷ್ಟು ಯಂತ್ರ, ವಿದ್ಯೆ, ಹಣ ಮೂರೂ ಈಗ ನಮ್ಮ ರಾಜ್ಯದಲ್ಲಿವೆ. ಬರೆದದ್ದನ್ನು ಹಳ್ಳಿಯವರಿಗೆ ತೋರಿಸುವ ಮನಸ್ಸನ್ನು ಆಡಳಿತ ಇನ್ನು ಮಾಡಬೇಕಾಗಿದೆ.